ಮೂರನೇ ಓದುಗರು ಬೇಕಾಗಿದ್ದಾರೆ

ಮನೆಯಿಂದ, ಮಹಡಿ ಕೋಣೆಯ ನಿನ್ನ ಮೇಜು
ಶನಿವಾರ, ಒಂಬತ್ತನೇ ತಾರೀಖು

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮೊದಲು ಮಂಡಿಯ ಸುದ್ದಿ ಹೇಳು. ಅಮ್ಮ ಹೆಣೆದು ಕಳಿಸಿದ ಉಣ್ಣೆಯ ಪಟ್ಟಿಯನ್ನು ಮಂಡಿಗೆ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಕಳೆದ ಸಲದ ಹಾಗೆ ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸಲು ಬಳಸುತ್ತಿದ್ದೀಯೋ? ನಿಜ ಬರಿ. ಹಡಗಿನ ಅಡುಗೆಮನೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತು ತರಕಾರಿ ಹೆಚ್ಚಿದರೆ ನಿನ್ನನ್ನು ಯಾರೂ ಸಮುದ್ರಕ್ಕೆ ಎಸೆಯುವುದಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮ ಎದುರು ಬೀದಿಯ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಒಪ್ಪಿಕೊಂಡಿದ್ದಾಳೆ. ಮನೆಯೆಲ್ಲ ನೀಲಿ ಬಟ್ಟೆ, ಊಟದ ತಟ್ಟೆಯಲ್ಲೂ ನೀಲಿ ದಾರ. ಕೆಳಗಿನ ಮನೆಯ ಅಜ್ಜಿ ನಿನ್ನನ್ನು ಕೇಳಿದರು. ನೀನು ಯಾವುದೋ ದೇಶದಿಂದ ತಂದುಕೊಟ್ಟ ಗೋಡೆ ಗಡಿಯಾರ ನಿಂತುಹೋಗಿದೆಯಂತೆ, ಆದರೂ ನಿನ್ನ ಮೇಲಿನ ಮರ್ಯಾದೆಗೆ ಇಳಿಸಿಲ್ಲವಂತೆ. ಮೆಟ್ಟಿಲ ಕೆಳಗಿನ ನಲ್ಲಿ, ಪ್ರತಿ ರಜೆಯಲ್ಲೂ ನೀನು ಸ್ಪ್ಯಾನರ್ ಹಿಡಿದು ಕುಸ್ತಿ ಮಾಡಿ ಸೋಲುತ್ತಿದ್ದೆಯಲ್ಲ, ಅದು ಈಗ ಸೋರುತ್ತಿಲ್ಲ. ಯಾರು ಸರಿಮಾಡಿದರು ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ನಿನ್ನ ಕಾಗದ ಗುರುವಾರ ಬಂತು. ಅಮ್ಮ ಜೋರಾಗಿ ಓದು ಅಂದಳು, ಓದಿದೆ. ಅರ್ಧಕ್ಕೆ ಬರುವ ಹೊತ್ತಿಗೆ ನನ್ನ ದನಿ ಇಳಿಯಿತು, ಅಮ್ಮನ ಹೊಲಿಗೆ ಯಂತ್ರವೂ ನಿಂತಿತು. ಹಡಗಿಗೆ ಹೊಸದಾಗಿ ಬಂದಿರುವ ಮೆಕ್ಯಾನಿಕ್ ಹುಡುಗನನ್ನು ಈ ಸಲ ರಜೆಗೆ ಬರುವಾಗ ಜೊತೆಗೇ ಕರೆದುಕೊಂಡು ಬರುತ್ತೀಯಂತೆ. "ಹುಡುಗ ಅಪ್ಪಟ ಬಂಗಾರ, ನಿಂತು ದುಡಿಯೋನು, ಕುರ್ಚಿ ಗಿರಾಕಿ ಅಲ್ಲ" ಎಂದು ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀಯ. ನಾನು ಹೂಂ ಅಂತ ಒಂದು ಮಾತು ಬರೆದರೆ ಕೊನೆಯ ಬಂದರು ಬಿಡುವ ಮೊದಲು ಅವನ ಹತ್ತಿರ ಮಾತಾಡುತ್ತೀಯಂತೆ. ಅಪ್ಪಾ, ಉತ್ತರ ಕೊಡುತ್ತೇನೆ. ಆದರೆ ನೇರವಾಗಿ ಕೊಡಲು ಧೈರ್ಯ ಸಾಲದು. ಹೋದ ರಜೆಯಲ್ಲಿ ಇದೇ ಮೇಜಿನ ಮೇಲೆ ಸೌಟು ಕುಟ್ಟಿ "ಕುರ್ಚಿ ಗಿರಾಕಿಗೆ ಮಾತ್ರ ನನ್ನ ಮಗಳನ್ನ ಕೊಡಲ್ಲ" ಎಂದು ನೀನು ಸಾರಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಮೇಜಿನ ಮೇಲೆ ಸೌಟಿನ ಗುರುತೂ ಇದೆ, ಈ ಕಾಗದವನ್ನು ಅದರ ಪಕ್ಕದಲ್ಲೇ ಇಟ್ಟು ಬರೆಯುತ್ತಿದ್ದೇನೆ. ಆದ್ದರಿಂದ ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ. ಒಲೆ ಸಣ್ಣದು ಮಾಡಿ, ಕೂತು ಓದು.

ಹಡಗಿನಲ್ಲಿ ಎಲ್ಲರಿಗೂ "ನನ್ನ ಮಗಳು ದೇಶಗಳಿಗೆ ಮಾರ್ಕ್ಸ್ ಹಾಕ್ತಾಳೆ" ಎಂದು ಹೇಳಿಕೊಂಡು ತಿರುಗುತ್ತೀಯಲ್ಲ, ಆ ಮಾರ್ಕ್ಸನ್ನು ಹೇಗೆ ಹಾಕುತ್ತೇವೆ ಎಂದು ಒಂದು ದಿನವಾದರೂ ಕೇಳಿದ್ದೀಯಾ? ನಮ್ಮ ಆಫೀಸು ಹೊರಗಿನಿಂದ ನೋಡಿದರೆ ಹಳೆಯ ಗೋದಾಮು. ನೆಲಮಹಡಿಯಲ್ಲಿ ಕಟ್ಟು ವಿಭಾಗ. ಅಲ್ಲಿಯವರು ಒಂದೊಂದು ದೇಶದ ಸಂವಿಧಾನ, ಕಾಯಿದೆ, ಕೋರ್ಟಿನ ತೀರ್ಪು, ಚುನಾವಣೆಯ ಫಲಿತಾಂಶ, ಪತ್ರಿಕೆಯ ತುಣುಕುಗಳನ್ನೆಲ್ಲ ಜೋಡಿಸಿ ಕಟ್ಟುತ್ತಾರೆ. ದೇಶದ ಹೆಸರು, ಆಳುವವರ ಹೆಸರು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಕಪ್ಪು ಮಸಿ ಬಳಿದು, ಮೇಲೆ ಒಂದೇ ಒಂದು ಅಕ್ಷರ ಬರೆಯುತ್ತಾರೆ. ಯಾವ ದೇಶ ಅಂತ ಗೊತ್ತಾದರೆ ಓದುವವರ ಮನಸ್ಸು ಮೊದಲೇ ಒಂದು ಕಡೆ ವಾಲುತ್ತದೆ, ಅದಕ್ಕೆ. ಕಟ್ಟಿನ ಒಂದು ಪ್ರತಿ ಒಂದನೇ ಮಹಡಿಗೆ, ಮೊದಲನೇ ಓದುಗರಾದ ನನಗೆ. ಇನ್ನೊಂದು ಮೂರನೇ ಮಹಡಿಗೆ, ಎರಡನೇ ಓದುಗರಿಗೆ. ನಮಗೆ ಪ್ರಶ್ನೆಗಳಿರುತ್ತವೆ. ಆಳುವವರನ್ನು ರಕ್ತ ಹರಿಯದೆ ಇಳಿಸಬಹುದೇ? ಕೋರ್ಟು ಬೇಡ ಅಂದರೆ ಸರ್ಕಾರ ಕೇಳುತ್ತದೆಯೇ? ಸರ್ಕಾರವನ್ನು ಬೈದ ಪತ್ರಿಕೆ ಮರುದಿನವೂ ಅಚ್ಚಾಗುತ್ತದೆಯೇ? ಚುನಾವಣೆಯಲ್ಲಿ ಸೋತವನು ಮನೆಗೆ ಹೋಗಿ ನೆಮ್ಮದಿಯಿಂದ ನಿದ್ದೆ ಮಾಡಬಹುದೇ? ಈ ಕೊನೆಯದು ನನಗೆ ಬಹಳ ಇಷ್ಟದ ಪ್ರಶ್ನೆ. ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. ಇಬ್ಬರ ಅಂಕ ಹತ್ತಿರವಿದ್ದರೆ ಸರಿ. ದೂರವಿದ್ದರೆ ಇಬ್ಬರೂ ಕಾರಣ ಬರೆದು ಒಬ್ಬರಿಗೊಬ್ಬರು ಕಳಿಸಬೇಕು, ಹೆಸರು ಹಾಕುವಂತಿಲ್ಲ. ಆಗಲೂ ಹಟ ಬಿಡದಿದ್ದರೆ ಕಟ್ಟು ಮೂರನೇ ಓದುಗರ ಕೈಗೆ ಹೋಗುತ್ತದೆ. ಮೂರನೇ ಓದುಗರಿಗೆ ಮೊದಲಿನ ಇಬ್ಬರು ಎಷ್ಟು ಕೊಟ್ಟಿದ್ದಾರೆಂದು ಹೇಳುವುದಿಲ್ಲ. ಮೊದಲನೆಯವರಿಗೂ ಎರಡನೆಯವರಿಗೂ ಪರಿಚಯ ಇರಕೂಡದು. ಮೆಟ್ಟಿಲು ಬೇರೆ, ಚಹಾದ ಹೊತ್ತು ಬೇರೆ. ಈ ಕಟ್ಟುನಿಟ್ಟನ್ನೆಲ್ಲ ಕಾಯುವವರು ನಮ್ಮ ಮುಖ್ಯಸ್ಥೆ. ಬೆನ್ನ ಹಿಂದೆ ನಾವು ಅವರನ್ನು ತಕ್ಕಡಿ ಮೇಡಂ ಅನ್ನುತ್ತೇವೆ. ಅವರಿಗೂ ಅದು ಗೊತ್ತು, ಒಳಗೊಳಗೇ ಖುಷಿಯೂ ಇದೆ.

ಈಗ ನಿನ್ನ ವಿಧಾನಕ್ಕೆ ಬರೋಣ. ನೀನೂ ದೇಶಗಳಿಗೆ ಅಂಕ ಕೊಡುವುದರಲ್ಲಿ ಎತ್ತಿದ ಕೈಯೇ. ಹಡಗು ನಿಲ್ಲುತ್ತದೆ, ನೀನು ತರಕಾರಿ ತರಲು ಇಳಿಯುತ್ತೀಯ, ಬಂದರಿನ ಗುಮಾಸ್ತ ಕಾಗದಕ್ಕೆ ಮುದ್ರೆ ಒತ್ತುತ್ತಾನೆ. ನಕ್ಕು ಒತ್ತಿದರೆ ಒಳ್ಳೆಯ ದೇಶ, ಸಿಡುಕಿ ಒತ್ತಿದರೆ ಕೆಟ್ಟ ದೇಶ. ಮುಗಿಯಿತು ತೀರ್ಪು! ಮಳೆ ಬರುತ್ತಿದೆ ಅಂತ ನಿನ್ನ ಕೈಗೆ ಲಾಂಛನವಿದ್ದ ಕೊಡೆ ಕೊಟ್ಟು ಕಳಿಸಿದ ಬಂದರನ್ನು ನೆನೆಸಿಕೋ. "ಆಳಿದ್ರೆ ಹಾಗೆ ಆಳ್ಬೇಕು" ಎಂದು ನೀನು ಒಂದು ವರ್ಷ ಹೇಳಿದೆ. ನನಗೆ ಆಮೇಲೆ ಒಂದು ಕಟ್ಟು ಬಂತು. ಎಷ್ಟೇ ಮಸಿ ಬಳಿದರೂ ಒಂದು ಸುತ್ತೋಲೆ ನೋಡಿ ನಿನ್ನ ಬಂದರೇ ಇರಬೇಕು ಅನ್ನಿಸಿತು. ಪರದೇಶದವರನ್ನು ಕಂಡರೆ ಬಂದರಿನ ನೌಕರರು ನಗಲೇಬೇಕು, ಕೊಡೆ ಕೊಡಲೇಬೇಕು, ದೂರು ಬಂದರೆ ಸಂಬಳ ಕಡಿತ, ಎರಡನೇ ದೂರಿಗೆ ಜೈಲು ಎಂದಿತ್ತು ಅದರಲ್ಲಿ. ಇನ್ನೊಂದು ಬಂದರಿನಲ್ಲಿ ಒಬ್ಬ ಸಿಡುಕ ನಿನ್ನನ್ನು ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಲ್ಲಿಸಿದನಲ್ಲ, "ಅಲ್ಲಿ ನ್ಯಾಯ ನೀತಿ ಒಂದೂ ಇಲ್ಲ" ಅಂದೆಯಲ್ಲ, ಆ ದೇಶದ್ದೇ ಅನ್ನಿಸಿದ ಕಟ್ಟೂ ಒಂದು ದಿನ ಬಂತು. ಅಲ್ಲಿ ಬಂದರಿನ ನೌಕರರು ಮಂತ್ರಿಯ ಮೇಲೆ ದಾವೆ ಹೂಡಿ ಗೆದ್ದಿದ್ದರು. ಮಂತ್ರಿ ಮರುಮಾತಿಲ್ಲದೆ ತೀರ್ಪಿಗೆ ತಲೆಬಾಗಿದ್ದ. ನಿನ್ನ ಸಿಡುಕನಿಗೆ ಯಾರ ಭಯವೂ ಇರಲಿಲ್ಲ ಅಪ್ಪಾ, ಅಷ್ಟೇ. ಬಂದರಿನ ಗೇಟು ದಾಟಿ ಒಂದು ಮೈಲಿ ಊರೊಳಗೆ ಹೋಗಿದ್ದರೆ ನಿನಗೇ ಗೊತ್ತಾಗುತ್ತಿತ್ತು.

ನಗಬೇಡ, ನಾನೇನೂ ಜಾಣೆಯಾಗಿ ಹುಟ್ಟಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಕ್ಷಗಳು ಹೆಚ್ಚಾದರೆ ಸರ್ಕಾರ ಬೀಳುತ್ತದೆ ಎಂದು ದೊಡ್ಡದಾಗಿ ವರದಿ ಬರೆದುಕೊಂಡು ಹೋಗಿದ್ದೆ. ಸರ್ಕಾರ ಬಿದ್ದ ದೇಶಗಳ ಕಟ್ಟನ್ನೆಲ್ಲ ರಾಶಿ ಹಾಕಿಕೊಂಡು ಓದಿದ್ದೆ, ಎಲ್ಲದರಲ್ಲೂ ಪಕ್ಷಗಳ ಸಂತೆ. ತಕ್ಕಡಿ ಮೇಡಂ ಕನ್ನಡಕದ ಮೇಲಿನಿಂದ ನೋಡಿ "ಹೊಗೆ ಬರ್ತಿರೋ ಮನೆಗಳನ್ನೇ ಸುತ್ತಿದ್ರೆ ಆಗಲ್ಲಮ್ಮಾ, ಹೊಗೆ ಬರದಿರೋ ಮನೆಗೂ ಹೋಗಿ ಒಲೆ ನೋಡಿ ಬಾ" ಅಂದರು. ಹೋಗಿ ನೋಡಿದೆ. ಸರ್ಕಾರ ಗಟ್ಟಿಯಾಗಿ ನಿಂತ ದೇಶಗಳಲ್ಲೂ ಅಷ್ಟೇ ಪಕ್ಷಗಳಿದ್ದವು! ಸುದ್ದಿ ಮಾಡದ ಕಾರಣ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ನಿನ್ನ ಕುರ್ಚಿ ಗಿರಾಕಿಗಳ ವಿಷಯ ತೆಗೆದುಕೋ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರೆಲ್ಲ ಕೆಟ್ಟ ಗಂಡಂದಿರು ಎಂದು ನಿನಗೆ ಹೇಗೆ ಗೊತ್ತಾಯಿತು? ಅತ್ತೆ ಕಾಗದ ಬರೆದರು, ಮಾವ ಪೇಪರಿನ ಹಿಂದಿನಿಂದ ತಲೆಯೇ ಎತ್ತುವುದಿಲ್ಲ ಎಂದು. ದೊಡ್ಡಪ್ಪನ ಮಗಳು ಬರೆದಳು, ಅವಳ ಗಂಡ ಕುಡಿದ ಲೋಟವನ್ನು ಕೂತಲ್ಲೇ ಬಿಟ್ಟು ಏಳುತ್ತಾನೆ ಎಂದು. ಸುಖವಾಗಿರುವ ಹೆಂಡತಿಯರು ನಡುಸಮುದ್ರದಲ್ಲಿರುವ ನಿನಗೆ ಕಾಗದ ಬರೆಯುವುದಿಲ್ಲ ಅಪ್ಪಾ, ಅವರಿಗೆ ಬೇರೆ ಕೆಲಸವಿದೆ. ನಿನ್ನ ಸ್ವಂತ ತಮ್ಮ, ನಮ್ಮ ಚಿಕ್ಕಪ್ಪ, ಇಪ್ಪತ್ತು ವರ್ಷದಿಂದ ಬ್ಯಾಂಕಿನ ಕುರ್ಚಿಯಲ್ಲೇ ಇದ್ದಾರೆ. ಚಿಕ್ಕಮ್ಮ ಅವರ ಮೇಲೆ ಒಂದು ದೂರು ಹೇಳಿದ್ದನ್ನು ಕೇಳಿದ್ದೀಯಾ? ಅವರ ಮನೆ ಒಲೆಯನ್ನು ನೀನು ನೋಡಲೇ ಇಲ್ಲ.

ಇನ್ನೂ ಒಂದಿದೆ. ಹಡಗಿನ ಒಲೆಯಲ್ಲಿ ಬ್ರೆಡ್ ಉಬ್ಬುವುದಿಲ್ಲ ಎಂದು ನೀನು ಒಂದು ಸಲ ತಲೆ ಕೆಡಿಸಿಕೊಂಡಿದ್ದೆಯಲ್ಲ. ಒಂದೇ ದಿನ ಹಿಟ್ಟು ಬದಲಾಯಿಸಿದೆ, ಈಸ್ಟ್ ಬದಲಾಯಿಸಿದೆ, ಒಲೆಯ ಬಾಗಿಲಿನ ರಬ್ಬರನ್ನೂ ಬದಲಾಯಿಸಿದೆ. ಬ್ರೆಡ್ ಉಬ್ಬಿತು, ಆದರೆ ತಪ್ಪು ಯಾವುದರದು ಎಂದು ಇವತ್ತಿಗೂ ನಿನಗೆ ಗೊತ್ತಿಲ್ಲ. ನಮ್ಮ ಕಷ್ಟವೂ ಇದೇ. ಒಂದೇ ಥರದ ಜನ, ಒಂದೇ ಥರದ ಬೆಳೆ, ಒಂದೇ ಥರದ ಚರಿತ್ರೆ ಇರುವ ಎರಡು ದೇಶ ಹುಡುಕುತ್ತೇವೆ. ಒಂದರಲ್ಲಿ ಸೋತವರು ನೆಮ್ಮದಿಯಿಂದ ಮಲಗುತ್ತಾರೆ, ಇನ್ನೊಂದರಲ್ಲಿ ಗಡಿ ದಾಟಿ ಓಡುತ್ತಾರೆ. ಉಳಿದದ್ದೆಲ್ಲ ಒಂದೇ ಆಗಿದ್ದರೆ, ಬೇರೆ ಇರುವ ಆ ಒಂದು ಯಾವುದು ಎಂದು ಬಲೆ ಬೀಸುತ್ತೇವೆ. ಕೆಲವು ಸಲ ತಿರುಗಾಮುರುಗಾ ಮಾಡುತ್ತೇವೆ. ಯಾವುದರಲ್ಲೂ ಹೋಲಿಕೆಯಿಲ್ಲದ ಎರಡು ದೇಶ, ಆದರೆ ಎರಡರಲ್ಲೂ ಸೋತವರು ಸುಖವಾಗಿ ನಿದ್ದೆ ಮಾಡುತ್ತಾರೆ. ಹಾಗಾದರೆ ಎರಡರಲ್ಲೂ ಇರುವ ಆ ಒಂದು ಸಮಾನ ಅಂಶ ಯಾವುದು? ಪ್ರಪಂಚ ದೊಡ್ಡ ಒಲೆ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಲು ನಮಗೆ ಯಾರೂ ಬಿಡುವುದಿಲ್ಲ. ಅದಕ್ಕೇ ಇಷ್ಟೊಂದು ಕಸರತ್ತು.

ಇನ್ನು ಎರಡನೇ ಓದುಗರು. ನಾನು ಅಂಕ ಕೊಡುವುದರಲ್ಲಿ ಬಿಗಿ, ಅದು ನಿನಗೆ ಗೊತ್ತಿರುವುದೇ. ಅಮ್ಮನ ಅಡುಗೆಗೂ ಎಂಟು ದಾಟಿಸಿದವಳಲ್ಲ. ಈ ಪುಣ್ಯಾತ್ಮರು ಧಾರಾಳಿ. ನಾನು ನಾಲ್ಕು ಅಂದರೆ ಅವರು ಏಳು. ಎರಡು ವರ್ಷ ನಾವು ಕಾರಣಗಳ ಹಾಳೆಯಲ್ಲೇ ಹಾವು ಮುಂಗುಸಿ. ಯಾವ ದೇಶ ಎಷ್ಟೇ ಕುಲಗೆಟ್ಟು ಹೋಗಿದ್ದರೂ ಅವರು ಕೊನೆಯಲ್ಲಿ ಒಂದು ಸಾಲು ಸೇರಿಸುತ್ತಿದ್ದರು: "ಆದರೂ ಪೂರ್ತಿ ಕೈಬಿಡುವಂತಿಲ್ಲ." ನಾನು ಉರಿದು ಬೀಳುತ್ತಿದ್ದೆ. ನಿನ್ನ ಸಿಡುಕ ಗುಮಾಸ್ತನ ಕಟ್ಟು ಬಂದಾಗ ನಾನು ಹಿಗ್ಗಿನಿಂದ, ಗುಮಾಸ್ತರು ಸಿಡುಕುವ ದೇಶದಲ್ಲಿ ಜನ ಸ್ವತಂತ್ರರಾಗಿರುತ್ತಾರೆ ಎಂದು ಬರೆದು ಕಳಿಸಿದೆ. ಮೂರನೇ ಮಹಡಿಯಿಂದ ಉತ್ತರ ಬಂತು: "ನಮ್ಮ ಬೀದಿಯ ಅಂಚೆ ಗುಮಾಸ್ತರೂ ಸಿಡುಕುತ್ತಾರೆ. ಅವರಿಗೆ ಹಲ್ಲುನೋವು. ಒಬ್ಬ ಗುಮಾಸ್ತರ ಮೇಲೆ ಇಡೀ ದೇಶವನ್ನು ನಿಲ್ಲಿಸಬೇಡಿ." ನನ್ನ ಮುಖ ಕೆಂಪಾಯಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪನನ್ನು ಆಡಿಕೊಳ್ಳುವವಳು ಅಪ್ಪನ ತಪ್ಪನ್ನೇ ಮಾಡಿದ್ದೆ. ಆ ದಿನದಿಂದ ಜವಾನರು ಹಾಳೆ ತರುವ ಹೊತ್ತಿಗೆ ನಾನು ಬಾಗಿಲ ಕಡೆ ಕತ್ತು ಚಾಚುವುದು ಶುರುವಾಯಿತು. ಅವರು ಉಣ್ಣೆ ಟೋಪಿ ಹಾಕಿದ, ಮೊಮ್ಮಕ್ಕಳಿರುವ ನಿವೃತ್ತ ಮೇಷ್ಟರಿರಬೇಕು ಎಂದುಕೊಂಡಿದ್ದೆ, ಇದನ್ನು ದಯವಿಟ್ಟು ನಂಬು.

ಹೋದ ಮಳೆಗಾಲದಲ್ಲಿ ಅಗ್ನಿಶಾಮಕದವರು ಬಂದು, ಬೆಂಕಿ ಬಿದ್ದರೆ ಹೇಗೆ ಓಡಬೇಕು ಎಂದು ತಾಲೀಮು ಮಾಡಿಸಿದರು. ಗಂಟೆ ಬಾರಿಸಿ ಎಲ್ಲ ಮಹಡಿಯವರನ್ನೂ ಒಟ್ಟಿಗೆ ಬೀದಿಗೆ ತಳ್ಳಿದರು. ತಕ್ಕಡಿ ಮೇಡಂ ಅವರ ಬೇರೆ ಬೇರೆ ಮೆಟ್ಟಿಲು, ಬೇರೆ ಬೇರೆ ಚಹಾ, ಎಲ್ಲ ನೀರುಪಾಲು. ಮಳೆ ಹನಿಯುತ್ತಿತ್ತು. ನನ್ನ ಪಕ್ಕ ನಿಂತಿದ್ದ ಎತ್ತರದ ಮನುಷ್ಯರು ಒಂದು ಕೊಡೆ ಬಿಚ್ಚಿದರು. ಅದರ ಒಂದು ಕಡ್ಡಿ ಮುರಿದು, ಬಟ್ಟೆ ಬಾವಲಿಯ ರೆಕ್ಕೆಯಂತೆ ಜೋತುಬಿತ್ತು. ಅವರು ಅದನ್ನು ಮೇಲೆ ಕೆಳಗೆ ನೋಡಿ, ನ್ಯಾಯಾಧೀಶರ ಗತ್ತಿನಲ್ಲಿ "ಆದರೂ ಪೂರ್ತಿ ಕೈಬಿಡುವಂತಿಲ್ಲ" ಅಂದರು! ನಾನು ಗಕ್ಕನೆ ತಿರುಗಿ ನೋಡಿದೆ. ಅವರಿಗೆ ಹೆಚ್ಚೆಂದರೆ ನನಗಿಂತ ಮೂರು ನಾಲ್ಕು ವರ್ಷ ಜಾಸ್ತಿ, ಉಣ್ಣೆ ಟೋಪಿಯ ಸುಳಿವೇ ಇಲ್ಲ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಿನ್ನ ಮಗಳಿಗೆ ಬಾಯಿ ಮುಚ್ಚಿಕೊಂಡಿದ್ದು ಅಭ್ಯಾಸವಿಲ್ಲ. "ಈ ಕೊಡೆಗೆ ನಾನಾದ್ರೆ ಮೂರೇ ಕೊಡೋದು" ಅಂದೆ. ಅವರು ತಿರುಗಿ ನನ್ನನ್ನು ನೋಡಿದ ನೋಟವನ್ನು ಹೇಗೆ ಬರೆಯಲಿ. ಕಳೆದುಹೋದ ವಸ್ತು ಕೋಟಿನ ಜೇಬಿನಲ್ಲೇ ಸಿಕ್ಕಿದಾಗ ಮುಖ ಹೇಗಾಗುತ್ತದೋ ಹಾಗೆ. ನಿಯಮದ ಪ್ರಕಾರ ನಾವು ಆವತ್ತೇ ಮೇಡಂಗೆ ಹೇಳಬೇಕಿತ್ತು. ನಾಳೆ ಹೇಳೋಣ ಅಂದುಕೊಂಡೆವು. ಆ ನಾಳೆ ಬರಲೇ ಇಲ್ಲ.

ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿದೆವು, ಕಟ್ಟುಗಳ ವಿಷಯ ಎತ್ತಕೂಡದು. ಸಂಜೆ ಮೂಲೆಯ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಪ್ರಪಂಚದ ಬೇರೆಲ್ಲ ಮಾತಾಡಿದೆವು. ಅವರ ತಾಯಿಯ ಕಿವಿ ಮಂದವಂತೆ, ಆದ್ದರಿಂದ ಅವರು ಮನೆಯಲ್ಲಿ ಜೋರಾಗಿ ಮಾತಾಡಿ ಹೊರಗೆ ಮೆಲ್ಲಗೆ ಮಾತಾಡುತ್ತಾರಂತೆ. ಮುರಿದ ಸಾಮಾನು ಕಂಡರೆ ಬಿಚ್ಚಿ ನೋಡದೆ ಬಿಡುವವರಲ್ಲ. ನಿನ್ನ ವಿಷಯ ನಾನು ಎಷ್ಟು ಹೇಳಿದ್ದೇನೆಂದರೆ ಈಗ ಅವರಿಗೆ ನಿನ್ನ ಯಾವ ಮಂಡಿ ನೋಯುತ್ತದೆ ಎನ್ನುವುದೂ ಗೊತ್ತು. ದೇಶಗಳ ಬಗ್ಗೆ ಮಾತ್ರ ತುಟಿಪಿಟಕ್ ಅನ್ನಲಿಲ್ಲ. ಆದ್ದರಿಂದ ನಮ್ಮಿಂದ ಕೆಲಸಕ್ಕೆ ಏನೂ ಧಕ್ಕೆಯಾಗಿಲ್ಲ ಎಂದು ನಾವಿಬ್ಬರೂ ಗಟ್ಟಿಯಾಗಿ ನಂಬಿದ್ದೆವು.

ಹೋದ ತಿಂಗಳು ಮೇಡಂ ನಮ್ಮಿಬ್ಬರನ್ನೂ ಒಟ್ಟಿಗೆ ಕರೆಸಿದರು. ಒಟ್ಟಿಗೆ ಎಂದಾಗಲೇ ಗುಟ್ಟು ಬಯಲಾಗಿದೆ ಎಂದು ತಿಳಿಯಿತು. ಅವರ ಕೋಣೆಯ ಗೋಡೆಗೆ ಒಂದು ಹಲಗೆ ಇದೆ. ಕಟ್ಟು ಕಟ್ಟಿಗೂ ಒಂದು ಗುಂಡುಸೂಜಿ ಚುಚ್ಚಿ, ಮೊದಲನೇ ಓದುಗರ ಅಂಕಕ್ಕೆ ಕೆಂಪು ದಾರ, ಎರಡನೇ ಓದುಗರ ಅಂಕಕ್ಕೆ ನೀಲಿ ದಾರ ಸುತ್ತಿರುತ್ತಾರೆ. ಎರಡು ವರ್ಷ ಕೆಂಪು ಕೆಳಗೆ, ನೀಲಿ ಮೇಲೆ, ನಡುವೆ ಒಂದು ಗೇಣು. ಮಳೆಗಾಲ ಕಳೆದ ಮೇಲೆ ಎರಡೂ ಹತ್ತಿರ ಬಂದಿದ್ದವು. ಆಮೇಲೆ ಒಂದನ್ನೊಂದು ದಾಟಿ ಕೆಂಪು ಮೇಲಕ್ಕೆ ಹೋಗಿತ್ತು, ನೀಲಿ ಕೆಳಕ್ಕೆ ಬಂದಿತ್ತು! ನನಗೆ ಆಗ ಹೊಳೆಯಿತು ಅಪ್ಪಾ. ಪ್ರತಿ ಕಟ್ಟು ಬಿಚ್ಚಿದಾಗಲೂ ನಾನು, ಅವರಿದ್ದಿದ್ದರೆ ಇದರಲ್ಲಿ ಏನು ಒಳ್ಳೆಯದು ಕಾಣುತ್ತಿದ್ದರು ಎಂದು ಹುಡುಕುತ್ತಿದ್ದೆ. ಅವರು ಮೇಲೆ ಕೂತು, ನಾನಿದ್ದಿದ್ದರೆ ಯಾವ ಹುಳುಕು ಹಿಡಿಯುತ್ತಿದ್ದೆ ಎಂದು ಹುಡುಕುತ್ತಿದ್ದರು. ಮೇಡಂ ಹಲಗೆಗೆ ಬೆರಳು ಕುಟ್ಟಿ ಹೇಳಿದ್ದು ನನಗೆ ಬಾಯಿಪಾಠವಾಗಿದೆ: "ನಕಲು ಮಾಡಿದ್ರೆ ಎರಡೂ ದಾರ ಒಂದರ ಮೇಲೊಂದು ಓಡ್ತಿತ್ತು. ಇಲ್ಲಿ ಇವರು ಅವರ ಜಾಗಕ್ಕೆ ಹೋಗಿದಾರೆ, ಅವರು ಇವರ ಜಾಗಕ್ಕೆ ಬಂದಿದಾರೆ. ಇದು ಮೋಸ ಅಲ್ಲ, ಬೇರೆ ಕಾಯಿಲೆ." ಅವರ ತುಟಿಯ ಮೂಲೆಯಲ್ಲಿ ನಗು ಸುಳಿದಿದ್ದನ್ನು ಕಂಡೆ. ಆದರೆ ಮರುಕ್ಷಣ ಕಿವಿ ಹಿಂಡಿದರು, ಚೆನ್ನಾಗಿಯೇ ಹಿಂಡಿದರು. ನಾನು ಒಳ್ಳೆಯತನ ಹುಡುಕಿ ಆರು ಕೊಟ್ಟ ಒಂದು ದೇಶಕ್ಕೆ ಬೇರೆಯವರು ಓದಿ ಮೂರು ಕೊಟ್ಟಿದ್ದರು. ಅಲ್ಲಿ ಸೋತವರು ನಿಜಕ್ಕೂ ಮನೆ ಬಿಟ್ಟು ಓಡಿದ್ದರು, ಅವರ ಹೆಂಡತಿ ಮಕ್ಕಳ ಹೇಳಿಕೆ ಕಟ್ಟಿನಲ್ಲೇ ಇತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಳೆಗಾಲದಿಂದ ಈಚಿನ ಕಟ್ಟುಗಳನ್ನೆಲ್ಲ ಬೇರೆಯವರು ಮೊದಲಿಂದ ಓದುತ್ತಿದ್ದಾರೆ. ಅವರು ನಮ್ಮನ್ನು ಬೈಯುತ್ತಲೇ ಓದುತ್ತಿದ್ದಾರೆ, ಅದು ನ್ಯಾಯವೇ. ಪರಿಚಯವಾದ ಜೋಡಿ ಮುಂದುವರಿಯುವಂತಿಲ್ಲವಾದ್ದರಿಂದ ಒಬ್ಬರು ಓದುವ ಕೆಲಸ ಬಿಡಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಎರಡನೇ ಓದುಗರು "ನಾನು ಕೆಳಗೆ ಹೋಗ್ತೀನಿ ಮೇಡಂ, ಅವರ ಕಣ್ಣು ನನ್ನ ಕಣ್ಣಿಗಿಂತ ಚುರುಕು" ಅಂದುಬಿಟ್ಟರು. ಈಗ ನೆಲಮಹಡಿಯ ಕಟ್ಟು ವಿಭಾಗದಲ್ಲಿ ಹೆಸರುಗಳಿಗೆ ಮಸಿ ಬಳಿಯುತ್ತಾರೆ. ಅಲ್ಲಿ ಉದ್ದನೆಯ ಎತ್ತರದ ಮೇಜುಗಳಿವೆ, ಕುರ್ಚಿ ಒಂದೂ ಇಲ್ಲ. ಬೆಳಗಿನಿಂದ ಸಂಜೆವರೆಗೆ ಎಲ್ಲರೂ ನಿಂತೇ ದುಡಿಯುತ್ತಾರೆ. ಇದನ್ನು ಆಫೀಸಿನ ಸುದ್ದಿ ಅಂತ ಸುಮ್ಮನೆ ತಿಳಿಸಿದೆ.

ನಿನ್ನ ಮೆಕ್ಯಾನಿಕ್ ಹುಡುಗನ ಹತ್ತಿರ ದಯವಿಟ್ಟು ಏನೂ ಮಾತಾಡಬೇಡ ಅಪ್ಪಾ. ಅವನಲ್ಲಿ ಕೊರತೆ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ನಿನ್ನ ಹಡಗಿನಲ್ಲಿ ಮದುವೆಯಾಗದವರು ಎಷ್ಟು ಜನ? ನೀನೇ ಬರೆದಂತೆ, ಅವನೊಬ್ಬನೇ. ಒಬ್ಬನೇ ಓಡಿದ ಪಂದ್ಯದಲ್ಲಿ ಮೊದಲ ಬಹುಮಾನ ಕೊಟ್ಟಿದ್ದೀಯ. ಅವನಿಗೆ ನನ್ನ ನಮಸ್ಕಾರ ತಿಳಿಸು, ಕಾರಣ ಮಾತ್ರ ತಿಳಿಸಬೇಡ.

ಅಮ್ಮ ನಿನಗೆ ನೂರು ಸಲ ನೆನಪು ಹೇಳಿದ್ದಾಳೆ. ಬರುವಾಗ ಗಟ್ಟಿ ಸೂಜಿಗಳನ್ನು ತರಬೇಕಂತೆ, ಗೋಡೆ ಗಡಿಯಾರ ಇನ್ನು ಬೇಡವಂತೆ. ಮಂಡಿ ಜೋಪಾನ, ಕಬ್ಬಿಣದ ಏಣಿ ಇಳಿಯುವಾಗ ಅವಸರ ಮಾಡಬೇಡ. ನಿನ್ನ ಪಾದಗಳಿಗೆ ನನ್ನ ನಮಸ್ಕಾರ, ನಿನ್ನ ಗಡ್ಡಕ್ಕೆ ಒಂದು ಮುತ್ತು.

ನಿನ್ನ ಮುದ್ದಿನ, ಅಂಕ ಕೊಡುವುದರಲ್ಲಿ ಮಹಾ ಜುಗ್ಗಿಯಾದ
ಮಗಳು

ಮರೆತೆ: ಅಂಚೆಯವರು ಡಬ್ಬಿ ತೆಗೆಯಲು ಬೀದಿಯ ತುದಿಗೆ ಬಂದಿದ್ದಾರೆ, ಅಮ್ಮ ಕೆಳಗಿನಿಂದ "ಪೀಠಿಕೆ ಸಾಕು, ವಿಷಯ ಬರಿ" ಎಂದು ಕೂಗುತ್ತಿದ್ದಾಳೆ. ಬರೆದುಬಿಡುತ್ತೇನೆ. ನನಗೆ ಆ ಎರಡನೇ ಓದುಗರನ್ನೇ ಮದುವೆಯಾಗಬೇಕು ಅಪ್ಪಾ. ನಲ್ಲಿ ಸರಿಮಾಡಿದವರು ಅವರೇ. ಅಮ್ಮ ಊಟಕ್ಕೆ ಕರೆದಿದ್ದಳು, ಕೈ ತೊಳೆಯಲು ಹೋದವರು ನಲ್ಲಿಯನ್ನೇ ಬಿಚ್ಚಿ ಕೂತರು. ಅಮ್ಮ ಅವರನ್ನು ಕಿಟಕಿ ಪಕ್ಕದ ನಿನ್ನ ಜಾಗದಲ್ಲಿ ಕೂರಿಸಿ ಬಡಿಸಿದಳು. ಅವಳ ಅಂಕ ಎಷ್ಟು ಅಂತ ಕೇಳಿದರೆ, ನಿಮ್ಮಪ್ಪ ಕೊಟ್ಟ ಮೇಲೇ ಹೇಳೋದು ಅನ್ನುತ್ತಾಳೆ, ನಮ್ಮ ಆಫೀಸಿನ ನಿಯಮ ನನಗಿಂತ ಚೆನ್ನಾಗಿ ಕಲಿತಿದ್ದಾಳೆ. ನಮ್ಮಿಬ್ಬರ ಅಂಕವನ್ನು ಇನ್ನು ಯಾರೂ ನಂಬುವ ಹಾಗಿಲ್ಲ, ಆದ್ದರಿಂದ ಮೂರನೇ ಓದುಗರು ಬೇಕು. ಅದು ನೀನು. ನೀನು ಬೇಡ ಅಂದರೆ ನಾನು ಏನು ಮಾಡುತ್ತೇನೋ ನನಗೇ ತಿಳಿಯದು, ಮೂರು ದಿನದಿಂದ ಅನ್ನ ಸೇರುತ್ತಿಲ್ಲ. ಹಡಗು ಬಂದ ದಿನ ನಿನ್ನನ್ನು ಎದುರುಗೊಳ್ಳಲು ಅವರೇ ಬಂದರಿಗೆ ಬರುತ್ತಾರೆ. ಗುರುತು, ಬೆರಳಿಗೆಲ್ಲ ಕಪ್ಪು ಮಸಿ, ಕೈಯಲ್ಲಿ ಒಂದು ಕಡ್ಡಿ ಮುರಿದ ಕೊಡೆ. ಹೆದರಿಕೆಯಾದರೆ ಅವರ ಮುಖ ಗಂಟಿಕ್ಕಿಕೊಳ್ಳುತ್ತದೆ, ನಗುವುದೇ ಮರೆತುಹೋಗುತ್ತದೆ, ಥೇಟ್ ನಿನ್ನ ಸಿಡುಕ ಗುಮಾಸ್ತನ ಹಾಗೆ ಕಾಣುತ್ತಾರೆ. ಬಂದರಿನಲ್ಲಿ ನೋಡಿ ಅಂಕ ಕೊಟ್ಟುಬಿಡಬೇಡ, ಮನೆಯವರೆಗೂ ಜೊತೆಗೆ ಬಾ. ಮೂರಕ್ಕಿಂತ ಕಡಿಮೆ ಕೊಟ್ಟರೆ ಕಾರಣ ಬರೆದು ಕೊಡಬೇಕು. ಜಾಸ್ತಿ ಕೊಟ್ಟರೆ ನಾನು ಕಾರಣ ಕೇಳುವುದಿಲ್ಲ.